ವಿಳಾಸದ ಬಾಲದಲ್ಲೊಂದು ಚೀಟಿ

ಮಕ್ಕಳೇ, ಈ ವಾರ ಬಿಡುವಾದಾಗ ಗೂಗಲ್ ಅರ್ಥ್ ತೆರೆದು ನಮ್ಮ ಹಲಸೂರು ಕೆರೆಯನ್ನು ಹುಡುಕಿ. ಫೋನಿನಲ್ಲಿ ಬೇಡ, ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆಯಬೇಕು. ತಾತನಿಗೋ ಅಜ್ಜಿಗೋ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರಲು ಹೇಳಿ. ಕೆರೆ, ನಡುವಿನ ಹಸಿರು ದಿಬ್ಬಗಳು, ಸುತ್ತಲಿನ ರಸ್ತೆಗಳು ಎಲ್ಲ ಕಂಡ ಮೇಲೆ ಚಿತ್ರವನ್ನು ಬಿಟ್ಟು ಮೇಲಿನ ವಿಳಾಸದ ಪಟ್ಟಿಯನ್ನು ನೋಡಿ.

ಅಲ್ಲಿ @ ಚಿಹ್ನೆಯ ನಂತರ ಅಂಕಿಗಳ ಸಾಲೊಂದಿದೆ. ಮೊದಲನೆಯದು 12.98ರ ಆಸುಪಾಸು, ಎರಡನೆಯದು 77.62ರ ಆಸುಪಾಸು. ಇವು ಕೆರೆಯ ಅಕ್ಷಾಂಶ ಮತ್ತು ರೇಖಾಂಶ. ಅವುಗಳ ಮುಂದಿನ ಅಂಕಿಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿದೆ. ‘ಎ’ ಅಂಟಿರುವುದು ನೆಲದ ಎತ್ತರ, ಸುಮಾರು 900 ಮೀಟರ್. ಬೆಂಗಳೂರು ಸಮುದ್ರಮಟ್ಟದಿಂದ ಅಷ್ಟು ಮೇಲಿದೆ. ‘ಡಿ’ ಎಂದರೆ ನಾವು ಎಷ್ಟು ದೂರದಿಂದ ನೋಡುತ್ತಿದ್ದೇವೆ ಎಂಬುದು. ‘ಎಚ್’ ನೋಟದ ದಿಕ್ಕು, ‘ಟಿ’ ನೋಟದ ವಾಲಿಕೆ. ಈಗ ‘ಎಚ್’ ಪಕ್ಕದ ಅಂಕಿಯನ್ನು ಅಳಿಸಿ 90 ಎಂದು ಬರೆದು ಎಂಟರ್ ಒತ್ತಿ. ಉತ್ತರದ ಬದಲು ಪೂರ್ವ ದಿಕ್ಕು ಮೇಲೆ ಬಂದು, ಇಂದಿರಾನಗರದ ಕಡೆ ತಲೆ ಮಾಡಿಕೊಂಡು ಕೆರೆ ಮಲಗಿರುತ್ತದೆ. ‘ಟಿ’ಗೆ 60 ಕೊಟ್ಟರೆ ವಿಮಾನದಿಂದ ಇಣುಕಿದ ಹಾಗೆ.

ಚಿತ್ರವನ್ನು ನಾವು ಮುಟ್ಟಲೇ ಇಲ್ಲ. ವಿಳಾಸದಲ್ಲಿ ಎರಡು ಅಂಕಿ ತಿದ್ದಿದೆವು, ಅಷ್ಟೇ. ಒಳಗಿನ ಪ್ರೋಗ್ರಾಮಿಗೆ ಅದು ಗೊತ್ತಾದದ್ದು ಹೇಗೆ?

ಅದಕ್ಕೆ ಮೊದಲು ಆ ಪ್ರೋಗ್ರಾಮು ಯಾವ ಜಾತಿಯದು ಎಂದು ತಿಳಿಯಬೇಕು. ಗೂಗಲ್ ಅರ್ಥ್‌ನ ಒಳಗಿನ ಯಂತ್ರ ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಬರೆದದ್ದು. ಮನುಷ್ಯರು ಓದುವ ಹಾಗೆ ಬರೆದದ್ದನ್ನು, ಯಂತ್ರ ಸಲೀಸಾಗಿ ನಡೆಸುವಂಥ ಸಂಖ್ಯೆಗಳ ರಾಶಿಯಾಗಿ ಮೊದಲೇ ಮಾರ್ಪಡಿಸಿಡುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ನೆಂಟರು ಬಂದು ಕೂತ ಮೇಲೆ ಅಕ್ಕಿ, ಉದ್ದು ನೆನೆಹಾಕಿದರೆ ದೋಸೆ ಯಾವಾಗ ಆದೀತು? ರುಬ್ಬಿದ ಹಿಟ್ಟು ಸಿದ್ಧವಿದ್ದರೆ ಕಾವಲಿ ಇಟ್ಟ ಕೂಡಲೇ ದೋಸೆ. ಕಂಪೈಲ್ ಆದ ಪ್ರೋಗ್ರಾಮು ರುಬ್ಬಿದ ಹಿಟ್ಟು.

ಇಂಥ ರುಬ್ಬಿದ ಹಿಟ್ಟನ್ನು ಬ್ರೌಸರಿನೊಳಗೆ ಹುಯ್ಯಲು ಎಲ್ಲರೂ ಒಪ್ಪಿದ ಒಂದು ಪಾತ್ರೆ ಬಹುಕಾಲ ಇರಲಿಲ್ಲ. 2017ರಲ್ಲಿ ಗೂಗಲ್ ಅರ್ಥ್ ಬ್ರೌಸರಿಗೆ ಬಂದಾಗ ಕ್ರೋಮ್ ಒಂದರಲ್ಲಷ್ಟೇ ತೆರೆದುಕೊಳ್ಳುತ್ತಿತ್ತು. ಫೈರ್‌ಫಾಕ್ಸ್, ಎಡ್ಜ್, ಒಪೆರಾ ಬಳಸುವವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದನ್ನು ಸಾಧ್ಯ ಮಾಡಿದ ಪಾತ್ರೆಯ ಹೆಸರು ವೆಬ್‌ಅಸೆಂಬ್ಲಿ. ಬ್ರೌಸರ್ ತಯಾರಕರು ಕೂಡಿ ಮಾತಾಡಿ 2015ರಲ್ಲಿ ಇದನ್ನು ಘೋಷಿಸಿದರು. 2017ರ ಕೊನೆಯ ಹೊತ್ತಿಗೆ ಮುಖ್ಯ ಬ್ರೌಸರುಗಳೆಲ್ಲ ಇದನ್ನು ಒಪ್ಪಿಕೊಂಡವು. 2019ರ ಡಿಸೆಂಬರ್ 5ರಂದು ವೆಬ್ಬಿನ ನಿಯಮಗಳನ್ನು ಮಾಡುವ ಡಬ್ಲ್ಯು3ಸಿ ಸಂಸ್ಥೆಯ ಮುದ್ರೆಯೂ ಬಿತ್ತು.

ಇನ್ನು ಮುಖ್ಯ ವಿಷಯ. ವೆಬ್‌ಅಸೆಂಬ್ಲಿ ಪ್ರೋಗ್ರಾಮನ್ನು ಬ್ರೌಸರ್ ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸುತ್ತದೆ. ಅದಕ್ಕೆ ಕಿಟಕಿಯೇ ಇಲ್ಲ. ನಿಮ್ಮ ಕಡತಗಳಾಗಲಿ, ಪಕ್ಕದ ಟ್ಯಾಬ್ ಆಗಲಿ ಅದಕ್ಕೆ ಕಾಣುವುದಿಲ್ಲ. ವಿಳಾಸದ ಪಟ್ಟಿಯೂ ಕಾಣುವುದಿಲ್ಲ! ಎಲ್ಲಿಂದಲೋ ಬಂದ ಅಪರಿಚಿತ ಪ್ರೋಗ್ರಾಮು ಮನೆಯೊಳಗೆಲ್ಲ ಓಡಾಡಬಾರದು ಎಂದು ಈ ಕಟ್ಟುಪಾಡು. ಕೋಣೆಯ ಹೊರಗೆ ಒಬ್ಬ ಜವಾನ ಕೂತಿರುತ್ತಾನೆ, ಅವನ ಹೆಸರು ಜಾವಾಸ್ಕ್ರಿಪ್ಟ್. ಬ್ರೌಸರಿನ ಹಳೆಯ ಆಳು ಅವನು. ವಿಳಾಸ ಓದಬಲ್ಲ, ಪರದೆ ಮುಟ್ಟಬಲ್ಲ. ಒಳಗಿರುವ ಸಾಹೇಬರಿಗೆ ಏನು ತಿಳಿಯಬೇಕಾದರೂ ಈ ಜವಾನನೇ ಚೀಟಿ ತಲುಪಿಸಬೇಕು.

ಚೀಟಿಯನ್ನು ಕೊಡುವುದೂ ಸುಲಭವಲ್ಲ. ಆ ಕೋಣೆಯ ಬಾಗಿಲಲ್ಲಿ ಮೂಲತಃ ದಾಟುವುದು ಸಂಖ್ಯೆಗಳು ಮಾತ್ರ. ಹೆಸರು, ಊರು, ವಾಕ್ಯ ಯಾವುದೂ ನೇರವಾಗಿ ದಾಟುವುದಿಲ್ಲ. ಇದನ್ನು ಓದಿದಾಗ ನನಗೆ ಬ್ಯಾಂಕಿನ ಹಿತ್ತಾಳೆ ಬಿಲ್ಲೆ ನೆನಪಾಯಿತು. ತಾತ ಅಜ್ಜಿಯರು ಮರೆತಿರಲಾರರು. ಹಣ ತೆಗೆಯಲು ಚೆಕ್ಕು ಕೊಟ್ಟರೆ ಕೌಂಟರಿನಲ್ಲಿ ನಂಬರು ಕೊರೆದ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಚೆಕ್ಕು ಲೆಡ್ಜರ್ ಗುಮಾಸ್ತರ ಬಳಿಗೆ, ಅಲ್ಲಿಂದ ಪಾಸು ಮಾಡುವ ಅಧಿಕಾರಿಯ ಬಳಿಗೆ, ಕೊನೆಗೆ ಕ್ಯಾಷಿಯರರ ಪಂಜರಕ್ಕೆ ಹೋಗುತ್ತಿತ್ತು. ಕ್ಯಾಷಿಯರ್ ಕೂಗುತ್ತಿದ್ದದ್ದು ನಿಮ್ಮ ಹೆಸರನ್ನಲ್ಲ, ‘ನಲವತ್ತೇಳೂ...’ ಎಂದು ನಂಬರನ್ನು. ಆ ನಂಬರೇ ಎಲ್ಲ ಕಾಗದಕ್ಕೂ ಬೀಗದ ಕೈ.

ವೆಬ್‌ಅಸೆಂಬ್ಲಿಯದೂ ಇದೇ ವ್ಯವಸ್ಥೆ. ಕೋಣೆಯಲ್ಲಿ ಉದ್ದನೆಯ ಗೂಡುಗಳ ಸಾಲೊಂದಿದೆ. ಅದೇ ಅದರ ಮೆಮೊರಿ. ಪ್ರತಿ ಗೂಡಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. ಇದನ್ನು ಬೈಟ್ ಎನ್ನುತ್ತಾರೆ. 65,536 ಗೂಡು ಸೇರಿದರೆ ಒಂದು ಪುಟ. ಜವಾನನಿಗೆ ಈ ಗೂಡುಗಳಲ್ಲಿ ಬರೆಯುವ ಅನುಮತಿ ಇದೆ. ಅವನು ಚೀಟಿಯ ಒಂದೊಂದು ಅಕ್ಷರವನ್ನೂ ಸಂಖ್ಯೆಯಾಗಿಸಿ ಸಾಲಾಗಿ ಗೂಡುಗಳಲ್ಲಿ ಇಟ್ಟು, ಬಾಗಿಲ ಬಳಿ ‘ನಿಮ್ಮ ಚೀಟಿ ಇಂಥ ನಂಬರಿನ ಗೂಡಿನಿಂದ ಶುರು’ ಎಂದು ಒಂದೇ ಒಂದು ಸಂಖ್ಯೆ ಹೇಳುತ್ತಾನೆ. ಅದೇ ಟೋಕನ್. ಶುರು ಗೊತ್ತಾಯಿತು, ಕೊನೆ ಎಲ್ಲಿ? ಅದಕ್ಕಾಗಿ ಕೊನೆಯ ಅಕ್ಷರದ ಮುಂದಿನ ಗೂಡಿನಲ್ಲಿ ಸೊನ್ನೆ ಇಡುತ್ತಾನೆ. ಚೆಕ್ಕಿನಲ್ಲಿ ‘ಒಂದು ಸಾವಿರ ರೂಪಾಯಿ’ ಎಂದು ಬರೆದು ಮುಂದೆ ‘ಮಾತ್ರ’ ಎಂದು ಸೇರಿಸಿ ಗೆರೆ ಎಳೆಯುತ್ತೇವಲ್ಲ, ಆ ‘ಮಾತ್ರ’ದ ಕೆಲಸವನ್ನು ಸಿ ಭಾಷೆಯಲ್ಲಿ ಈ ಸೊನ್ನೆ ಮಾಡುತ್ತದೆ.

ಇದೆಲ್ಲ ನನಗೆ ತಿಳಿದದ್ದು ಕೆ.ಆರ್. ಪುರದಲ್ಲಿರುವ ಮೊಮ್ಮಗಳ ದೆಸೆಯಿಂದ. ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೂರನೆಯ ತರಗತಿಯ ತಮ್ಮನಿಗೆ ಮಗ್ಗಿ ಬಾಯಿಪಾಠವಾಗಲೆಂದು ಸಿ ಭಾಷೆಯಲ್ಲಿ ಒಂದು ಪುಟ್ಟ ಆಟ ಬರೆದಳು. ಅದನ್ನು ಎಂಸ್ಕ್ರಿಪ್ಟನ್ ಎಂಬ ಸಲಕರಣೆಯಿಂದ ವೆಬ್‌ಅಸೆಂಬ್ಲಿಯಾಗಿ ರುಬ್ಬಿದಳು. ಅಲೋನ್ ಝಕಾಯ್ ಎಂಬುವರು 2010ರಲ್ಲಿ ಶುರುಮಾಡಿದ ಸಲಕರಣೆ ಅದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಆಮೇಲೆ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದಳು. ಅದರ ಬಾಲದಲ್ಲಿ ಹೀಗಿತ್ತು:

?ಹೆಸರು=ಪುಟ್ಟ&ಮಗ್ಗಿ=7

ಪ್ರಶ್ನಾರ್ಥಕ ಚಿಹ್ನೆಯ ಹಿಂದಿನದು ಮನೆಯ ವಿಳಾಸ, ಮುಂದಿನದು ಬಾಗಿಲಲ್ಲಿ ಕೊಡಬೇಕಾದ ಚೀಟಿ. ‘ಹಲಸೂರು, ಬೆಂಗಳೂರು 560008’ ಎಂಬುದು ಅಂಚೆಯವನನ್ನು ಊರಿಗೆ ಮುಟ್ಟಿಸುತ್ತದೆ. ಪಾರ್ಸೆಲಿನ ಮೇಲೆ ‘ಗಾಜಿನ ವಸ್ತು, ಅಜ್ಜಿಯ ಕೈಗೇ ಕೊಡಿ’ ಎಂದು ಬರೆದದ್ದು ಬೇರೆಯೇ ಕೆಲಸದ್ದು. ಚೀಟಿಯಲ್ಲಿ = ಚಿಹ್ನೆಯ ಎಡಕ್ಕೆ ಕಲಮಿನ ಹೆಸರು, ಬಲಕ್ಕೆ ತುಂಬಿದ ವಿವರ; ಒಂದು ಕಲಮಿಗೂ ಇನ್ನೊಂದಕ್ಕೂ ನಡುವೆ & ಎಂಬ ಬೇಲಿ. ಗೂಗಲ್ ಅರ್ಥ್‌ನವರು ? ಬದಲು @ ಇಟ್ಟುಕೊಂಡಿದ್ದಾರೆ. ಆಯಾ ಮನೆಯ ರೂಢಿ. ಜವಾನ ಎಲ್ಲಿ ಕತ್ತರಿಸಬೇಕು ಎಂದು ತಿಳಿದಿದ್ದರಾಯಿತು.

ಸಿ ಪ್ರೋಗ್ರಾಮುಗಳಿಗೆ ಹುಟ್ಟಿನಿಂದಲೇ ಒಂದು ಅಭ್ಯಾಸವಿದೆ. ‘ಮೇನ್’ ಎಂಬ ಹೆಬ್ಬಾಗಿಲಿನಲ್ಲಿ ಚೀಟಿಗಳು ಎಷ್ಟು ಎಂಬ ಲೆಕ್ಕವನ್ನೂ, ಚೀಟಿಗಳ ಕಟ್ಟನ್ನೂ ಕೇಳಿ ಪಡೆಯುತ್ತವೆ. ಮೊದಲಿಗೆ ಆರ್ಗ್‌ಸಿ, ಎರಡನೆಯದಕ್ಕೆ ಆರ್ಗ್‌ವಿ ಎಂದು ಹೆಸರು. ಕಟ್ಟಿನ ಮೊದಲ ಚೀಟಿಯಲ್ಲಿ ಪ್ರೋಗ್ರಾಮಿನ ಸ್ವಂತ ಹೆಸರಿರುವುದು ವಾಡಿಕೆ. ಹಾಗಾಗಿ ನಾವು ಎರಡು ಚೀಟಿ ಕೊಟ್ಟರೆ ಲೆಕ್ಕ ಮೂರು ಬರುತ್ತದೆ! ಎಂಸ್ಕ್ರಿಪ್ಟನ್‌ನಲ್ಲಿ ಜವಾನನು ವಿಳಾಸ ಕತ್ತರಿಸಿ, ‘ಆರ್ಗ್ಯುಮೆಂಟ್ಸ್’ ಎಂಬ ಪಟ್ಟಿಯಲ್ಲಿ ಚೀಟಿಗಳನ್ನು ಜೋಡಿಸಿಡಬೇಕು, ಅದೂ ಪ್ರೋಗ್ರಾಮು ಶುರುವಾಗುವುದಕ್ಕೆ ಮೊದಲೇ. ಆಟ ಆರಂಭವಾದ ಮೇಲೆ ಪಟ್ಟಿಗೆ ಬರೆದರೆ ಯಾರೂ ನೋಡುವುದಿಲ್ಲ. ಕೌಂಟರ್ ಮುಚ್ಚಿದ ಮೇಲೆ ಚಲನ್ ತುಂಬಿದ ಹಾಗೆ.

ಪುಟ್ಟ ಏಳರ ಮಗ್ಗಿ ಆಡಿದ. ಎಲ್ಲ ಸರಿಯಾಗಿತ್ತು. ಮಾರನೆಯ ದಿನ ಅವರ ಅಜ್ಜಿ, ಅಂದರೆ ನಮ್ಮ ಮನೆಯಾಕೆ, ಲಿಂಕಿನಲ್ಲಿ 7ನ್ನು ಅಳಿಸಿ ಶುದ್ಧ ಕನ್ನಡದಲ್ಲಿ ‘೭’ ಎಂದು ಬರೆದು ಕಳಿಸಿದರು. ಆಟ ತೆರೆದರೆ ‘ಸೊನ್ನೆಯೊಂದ್ಲ ಸೊನ್ನೆ, ಸೊನ್ನೆಯೆರಡ್ಲ ಸೊನ್ನೆ’. ಪುಟ್ಟನಿಗೆ ಹಬ್ಬ. ಎಲ್ಲ ಉತ್ತರವೂ ಸೊನ್ನೆ!

ಏನಾಯಿತೆಂದರೆ, ಚೀಟಿಯಲ್ಲಿ ಬರುವುದೆಲ್ಲ ಬರಹವೇ, ಬೆಲೆಯಲ್ಲ. 7 ಎಂಬ ಗುರುತು ಗೂಡಿನಲ್ಲಿ 55 ಎಂಬ ಸಂಖ್ಯೆಯಾಗಿ ಕೂರುತ್ತದೆ. 0 ಎಂಬ ಗುರುತಿಗೆ 48. 55ರಲ್ಲಿ 48 ಕಳೆದರೆ ಏಳು ಸಿಕ್ಕಿತು. ಸಿ ಭಾಷೆಯ ಹಳೆಯ ಗುಮಾಸ್ತನೊಬ್ಬ ಈ ಲೆಕ್ಕವನ್ನು ತಾನೇ ಮಾಡಿಕೊಡುತ್ತಾನೆ, ಆದರೆ ಅವನಿಗೆ ಗೊತ್ತಿರುವುದು ಆ ಹತ್ತು ಗುರುತುಗಳು ಮಾತ್ರ. ಕನ್ನಡದ ೭ ಗೂಡಿನಲ್ಲಿ ಕೂರುವುದು ಬೇರೆ ರೀತಿ. ಅದಕ್ಕೆ ಮೂರು ಗೂಡು ಬೇಕು: 224, 179, 173. ಇವು ಯಾವುವೂ ಅವನ ಪಟ್ಟಿಯಲ್ಲಿಲ್ಲ. ಗೊತ್ತಿಲ್ಲವೆಂದು ಬಾಯಿಬಿಟ್ಟು ಹೇಳುವ ಸ್ವಭಾವವೂ ಅವನದಲ್ಲ. ಸುಮ್ಮನೆ ಸೊನ್ನೆ ಬರೆದು ಕೈತೊಳೆದುಕೊಳ್ಳುತ್ತಾನೆ. ನನ್ನ ಮಟ್ಟಿಗೆ ಇದು ಕೆಟ್ಟ ಗುಮಾಸ್ತಿಕೆ. ಓದಲಾಗದ ಚೆಕ್ಕನ್ನು ವಾಪಸ್ ಕಳಿಸಬೇಕೇ ಹೊರತು ಸೊನ್ನೆ ರೂಪಾಯಿ ಎಂದು ಲೆಡ್ಜರಿನಲ್ಲಿ ಬರೆಯುವುದುಂಟೆ?

ಪರಿಹಾರ ಚೆನ್ನಾಗಿದೆ. ಕನ್ನಡ ಅಂಕಿಗಳು ಯೂನಿಕೋಡ್ ಪಟ್ಟಿಯಲ್ಲಿ ೦ಯಿಂದ ೯ರವರೆಗೆ ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ. ಮೊದಲ ಎರಡು ಗೂಡು ಎಲ್ಲಕ್ಕೂ ಒಂದೇ. ಮೂರನೆಯದು ೦ಗೆ 166, ೧ಕ್ಕೆ 167, ಹೀಗೆ ೯ಕ್ಕೆ 175. ಮೂರನೆಯ ಗೂಡಿನಲ್ಲಿ 166 ಕಳೆದರಾಯಿತು. 173ರಲ್ಲಿ 166 ಹೋದರೆ ಎಷ್ಟು? ನೀವೇ ಹೇಳಿ. ಮೊಮ್ಮಗಳು ನಾಲ್ಕೈದು ಸಾಲು ಸೇರಿಸಿದಳು. ಈಗ ಅಜ್ಜಿಯ ೭ ಕೂಡ ಏಳೇ.

ಅಂಕಿಯಷ್ಟೇ ಅಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ದೀರ್ಘಕ್ಕೂ ಮೂರು ಮೂರು ಗೂಡು ಬೇಕು. ಕನ್ನಡವಿರುವ ಲಿಂಕನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದಾಗ ರೈಲಿನಂತೆ ಉದ್ದವಾಗಿ % ಚಿಹ್ನೆಗಳು ಸುರಿಯುವುದನ್ನು ನೋಡಿರುತ್ತೀರಿ. ‘ಇದೇನೋ ವೈರಸ್ಸು’ ಎಂದು ಹೆದರಿ ಅಳಿಸಿದ ತಾತಂದಿರೂ ಇದ್ದಾರೆ. ಹೆದರಿಕೆ ಬೇಡ. ವಿಳಾಸ ಸಾಗುವ ಹಳೆಯ ಹಾದಿಯಲ್ಲಿ ಕೆಲವೇ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಪ್ರವೇಶ. ಆದ್ದರಿಂದ ಪ್ರತಿ ಗೂಡನ್ನೂ ಒಂದು % ಮತ್ತು ಎರಡು ಗುರುತುಗಳಾಗಿ ಬಿಡಿಸಿ ಬರೆಯುತ್ತಾರೆ. ‘ಕ’ ಎಂಬ ಒಂದಕ್ಷರ %ಇ0%ಬಿ2%95 ಎಂದು ಒಂಬತ್ತು ಗುರುತಾಗುತ್ತದೆ. ‘ಹಲಸೂರು’ ಎಂಬುದರಲ್ಲಿ ಹ, ಲ, ಸ, ಊಕಾರದ ಗುರುತು, ರ, ಉಕಾರದ ಗುರುತು ಎಂದು ಆರು ಭಾಗ. ಆರೊಂಬತ್ಲ ಐವತ್ನಾಲ್ಕು. ನಮ್ಮೂರ ಹೆಸರಿಗೆ 54 ಗುರುತಿನ ರೈಲು!

ಒಳಗೆ ತಲುಪಿಸುವ ಮೊದಲು ಜವಾನ ಈ ರೈಲನ್ನು ಬಿಚ್ಚಿ 18 ಗೂಡುಗಳಾಗಿಸುತ್ತಾನೆ. ಕೊನೆಯ ಸೊನ್ನೆ ಸೇರಿದರೆ 19. ಈಗ ಕೇಳಿ. ಆಟದಲ್ಲಿ ಊರಿನ ಹೆಸರಿಗೆಂದು ಮೊಮ್ಮಗಳು 16 ಗೂಡು ಕಾದಿರಿಸಿದ್ದಳು. ಇಂಗ್ಲಿಷಿನಲ್ಲಿ ಬರೆದರೆ ಹಲಸೂರಿಗೆ ಎಂಟೇ ಗೂಡು ಸಾಕು, ಅದನ್ನೇ ನಂಬಿ ‘ಎರಡರಷ್ಟು ಇಟ್ಟಿದ್ದೇನೆ’ ಎಂದುಕೊಂಡಿದ್ದಳು. ಕನ್ನಡದಲ್ಲಿ ಬಂದಾಗ 15 ಗೂಡಿನವರೆಗೆ ತುಂಬಿ, ಹದಿನಾರರಲ್ಲಿ ಸೊನ್ನೆ ಹಾಕಿ ನಿಲ್ಲಿಸಬೇಕಾಯಿತು. ಪರದೆಯ ಮೇಲೆ ಮೂಡಿದ್ದು ‘ಹಲಸೂರ’! ಇಂಗ್ಲಿಷರು ಅಲ್ಸೂರ್ ಎಂದು ಬರೆದು ಮುಂದಿನ ಹಕಾರ ನುಂಗಿದ್ದರು. ಕಂಪ್ಯೂಟರ್ ಹಿಂದಿನ ಉಕಾರ ನುಂಗಿತು. ಗೂಡು 17 ಇದ್ದಿದ್ದರೆ ಇನ್ನೂ ಮೋಜು: ಕೊನೆಯ ಉಕಾರದ ಮೂರು ಗೂಡಿನಲ್ಲಿ ಒಂದು ಮಾತ್ರ ಒಳಗೆ ಬಂದು, ಅದರ ಜಾಗದಲ್ಲಿ ಕರಿಯ ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು. ಕನ್ನಡ ಬಳಸುವ ಪ್ರೋಗ್ರಾಮುಗಳಲ್ಲಿ ಆ ಕರಿಯ ವಜ್ರ ನೋಡಿದರೆ, ಯಾರೋ ಅಕ್ಷರ ಎಣಿಸುವ ಬದಲು ಗೂಡು ಎಣಿಸಿ ಕತ್ತರಿ ಹಾಕಿರಬಹುದು ಎಂದು ಊಹಿಸಿ.

ಅಳತೆಯನ್ನೇ ನೋಡದೆ ಎಲ್ಲವನ್ನೂ ಸುರಿದರೆ? ಪಕ್ಕದ ಗೂಡುಗಳಲ್ಲಿದ್ದ ಬೇರೆ ವಿವರಗಳ ಮೇಲೆ ಹೊಸ ಬರಹ ಬೀಳುತ್ತದೆ. ಅಂಕ ಇಟ್ಟಿದ್ದ ಗೂಡಿನಲ್ಲಿ ಊರಿನ ಹೆಸರಿನ ಚೂರು! ಕೋಣೆ ಮುಚ್ಚಿರುವುದರಿಂದ ನಿಮ್ಮ ಕಂಪ್ಯೂಟರಿನ ಬೇರೆ ಭಾಗಕ್ಕೆ ಆ ಗಲೀಜು ಹರಡುವುದಿಲ್ಲ, ನಿಜ. ಕೋಣೆಯೊಳಗೆ ಮಾತ್ರ ಅನಾಹುತ ಆಗಿಯೇ ತೀರುತ್ತದೆ.

ಇಷ್ಟು ತಿಳಿದ ಮೇಲೆ ಪುಟ್ಟನ ಕಿತಾಪತಿ ಕೇಳಿ. ಆಟ ಮುಗಿದಾಗ ಬಂದ ಅಂಕವನ್ನು ಅಪ್ಪ ಅಮ್ಮನಿಗೆ ತೋರಿಸಲು ಅಕ್ಕ ಇನ್ನೊಂದು ಲಿಂಕ್ ಮಾಡಿಕೊಟ್ಟಿದ್ದಳು; ಅದರ ಬಾಲದಲ್ಲಿ ‘ಅಂಕ=3’ ಎಂದಿತ್ತು. ಪುಟ್ಟ 3ರ ಮುಂದೆ ಒಂದು ಸೊನ್ನೆ ಸೇರಿಸಿ ಕಳಿಸಿದ. ತೆರೆದವರಿಗೆಲ್ಲ ‘ಶಭಾಷ್! 30 ಅಂಕ’ ಎಂದು ಪಟಾಕಿ ಹಾರಿತು. ಆಟದಲ್ಲಿ ಇದ್ದದ್ದೇ ಹತ್ತು ಪ್ರಶ್ನೆ!

ಹುಡುಗನನ್ನು ಯಾರೂ ಗದರಲಿಲ್ಲ. ಅವನು ಬೀಗ ಒಡೆದಿಲ್ಲ, ಎಲ್ಲರಿಗೂ ಕಾಣುವ ವಿಳಾಸದಲ್ಲಿ ಎಲ್ಲರೂ ಬರೆಯಬಹುದಾದ ಜಾಗದಲ್ಲಿ ಬರೆದಿದ್ದಾನೆ. ಬ್ಯಾಂಕಿಗೆ ಬಂದವರು ವಿತ್‌ಡ್ರಾಯಲ್ ಸ್ಲಿಪ್ಪಿನಲ್ಲಿ ಎಷ್ಟು ಸೊನ್ನೆ ಬೇಕಾದರೂ ಬರೆಯಬಹುದು. ಅದು ಅವರ ಕೋರಿಕೆ. ಕೊಡಬೇಕೋ ಬೇಡವೋ ಎಂದು ಹೇಳುವುದು ಲೆಡ್ಜರು. ‘ಮಗ್ಗಿ=7’ ಕೋರಿಕೆ, ಅದು ಚೀಟಿಯಲ್ಲಿ ಬರಲಿ. ಒಂದರಿಂದ ಇಪ್ಪತ್ತರೊಳಗಿದೆಯೇ ಎಂದು ನೋಡಿ ಒಳಗೆ ಬಿಟ್ಟುಕೊಳ್ಳಬೇಕು, ‘ಮಗ್ಗಿ=ಆನೆ’ ಎಂದಿದ್ದರೆ ಹಿಂದೆ ಕಳಿಸಬೇಕು. ಅಂಕವಾದರೋ ಲೆಡ್ಜರಿನಲ್ಲಿ ಇರಬೇಕಾದ ಸಂಗತಿ. ಅದನ್ನು ಚೀಟಿಗೆ ಒಪ್ಪಿಸಿದ್ದೇ ತಪ್ಪು ಎಂದು ಮೊಮ್ಮಗಳಿಗೆ ಹೇಳಿದೆ. ಮುಖ ಊದಿಸಿಕೊಂಡರೂ ತಿದ್ದಿದಳು.

ಮಕ್ಕಳು ಇನ್ನೊಂದು ಗಮನಿಸಬೇಕು. ಚೀಟಿಯಲ್ಲಿ ಬರೆದದ್ದು ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ. ಪುಟ ಕಳಿಸುವ ಸರ್ವರಿಗೂ ತಲುಪುತ್ತದೆ, ಅದರ ದಾಖಲೆಯಲ್ಲೂ ಕೂರಬಹುದು. ವಿಳಾಸದಲ್ಲಿ # ಚಿಹ್ನೆಯ ನಂತರ ಬರೆದ ಭಾಗ ಸರ್ವರಿಗೆ ಹೋಗುವುದಿಲ್ಲ. ಆದರೂ ಇತಿಹಾಸದಲ್ಲಿ ಇರುತ್ತದೆ, ಲಿಂಕ್ ಕೈ ಬದಲಾದರೆ ಅದೂ ಜೊತೆಗೆ ಹೋಗುತ್ತದೆ. ಹಾಗಾಗಿ ಆಟದ ಲಿಂಕಿನಲ್ಲಿ ಪೂರ್ತಿ ಹೆಸರು, ಶಾಲೆ, ಫೋನ್ ನಂಬರು ಕಂಡರೆ ದೊಡ್ಡವರಿಗೆ ತೋರಿಸಿ, ಗುಂಪಿಗೆ ಕಳಿಸಬೇಡಿ.

ತಾತ ಅಜ್ಜಿಯರಿಗೆ ಇದೆಲ್ಲ ಮಕ್ಕಳಾಟ ಎನಿಸಿದರೆ, ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಹಣ್ಣಿನಂಗಡಿಯ ಮುಂದೆ ನಿಲ್ಲಿ. ತಕ್ಕಡಿಯ ಪಕ್ಕ ಚೌಕುಳಿ ಚೌಕುಳಿಯಾದ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದನ್ನು ಬಿಡಿಸಿ ಓದಿದರೆ ಒಳಗಿರುವುದು ಇಂಥದೇ ವಿಳಾಸ: ‘ಯುಪಿಐ’ ಎಂದು ಶುರುವಾಗಿ, ‘ಪೇ’ ಎಂದು ಹೇಳಿ, ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಕಲಮುಗಳು. ‘ಪಿಎ’ ಎಂದರೆ ಹಣ ಹೋಗಬೇಕಾದ ಯುಪಿಐ ವಿಳಾಸ, ‘ಪಿಎನ್’ ಎಂದರೆ ಪಡೆಯುವವರ ಹೆಸರು, ‘ಎಎಂ’ ಎಂದರೆ ಮೊತ್ತ. ಅದೇ =, ಅದೇ &. ಇಲ್ಲಿ ಓದುವುದು ಬ್ರೌಸರಿನ ಕೋಣೆಯ ಪ್ರೋಗ್ರಾಮಲ್ಲ, ಫೋನಿನ ಆಪ್. ಚೀಟಿ ಮಾತ್ರ ಅದೇ ಜಾತಿಯದು.

ಆ ‘ಪಿಎನ್’ ಕಲಮಿನಲ್ಲಿ ಯಾರು ಏನು ಬೇಕಾದರೂ ಬರೆದು ಕ್ಯೂಆರ್ ಮುದ್ರಿಸಬಹುದು. ಮೋಸಗಾರನೊಬ್ಬ ತನ್ನ ಖಾತೆಯ ವಿಳಾಸಕ್ಕೆ ನಿಮ್ಮ ನಂಬಿಕೆಯ ಅಂಗಡಿಯ ಹೆಸರು ಬರೆದು ಮೇಲೆ ಅಂಟಿಸಿಬಿಟ್ಟರೆ? ಪುಟ್ಟ 3ನ್ನು 30 ಮಾಡಿದ್ದಕ್ಕೂ ಇದಕ್ಕೂ ವಿದ್ಯೆ ಒಂದೇ, ನಷ್ಟ ಮಾತ್ರ ಬೇರೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಇದಕ್ಕೊಂದು ನಿಯಮ ಮಾಡಿತು. 2025ರ ಜೂನ್ 30ರೊಳಗೆ ಎಲ್ಲ ಆಪ್‌ಗಳೂ ಕ್ಯೂಆರ್‌ನಿಂದ ಓದಿದ ಹೆಸರನ್ನು ತೋರಿಸುವುದು ನಿಲ್ಲಿಸಿ, ಹಣ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಹೇಳಿತು. ಚೀಟಿಯ ಹೆಸರಲ್ಲ, ಲೆಡ್ಜರಿನ ಹೆಸರು. ನಮ್ಮಂಥ ಹಳೆಯ ಗುಮಾಸ್ತರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಬೇಕೆ?

ಅದರಿಂದಾಗಿ ಬೋರ್ಡಿನ ಮೇಲೆ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಹೆಸರು ಕಾಣುವುದುಂಟು. ಗಾಬರಿ ಬೇಡ, ಪಿನ್ ಒತ್ತುವ ಮೊದಲು ಪರದೆಯ ಹೆಸರನ್ನು ಗಟ್ಟಿಯಾಗಿ ಓದಿ ಕೇಳಿಬಿಡಿ. ಮೊನ್ನೆ ಸಪೋಟ ಕೊಳ್ಳುವಾಗ ನಾನೂ ಕೇಳಿದೆ, ಹೆಣ್ಣುಮಗಳ ಹೆಸರು ಬಂದಿತ್ತು. ಅಂಗಡಿಯಾತ ತಕ್ಕಡಿಯಿಂದ ಕಣ್ಣೆತ್ತದೆ, ‘ಹೂಂ ಸಾರ್, ನಮ್ಮ ಮನೆಯವಳದ್ದೇ. ದುಡ್ಡು ನನ್ನ ಕೈಗೆ ಬರಲ್ಲ, ಹಾಕಿ’ ಎಂದ.